ಎರಡನೇ ಸಲ ಕರೆದವಳು

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಐದನೆಯ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ರೊನಾಲ್ಡ್ ನನ್ನನ್ನು ಕರೆದರು. ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ನೀವೂ ಒಬ್ಬರಾಗುತ್ತೀರಾ ಎಂದು ಕೇಳಿದರು. ನಾನು ಬೇಡ ಫಾದರ್ ಎಂದೆ. ಅವರು ಸರಿ ಎಂದು ಕೈಯಲ್ಲಿದ್ದ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು, ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.

ನಾನು ಇನ್ನೂ ಅಲ್ಲೇ ನಿಂತಿದ್ದೆ, ಎರಡನೇ ಸಲ ಕೇಳುತ್ತಾರೆಂದು.

ನಮ್ಮ ದೊಡ್ಡಬಳ್ಳಾಪುರದಲ್ಲಿ ಯಾರೂ ಮೊದಲ ಸಲಕ್ಕೇ ಹೂಂ ಅನ್ನುವುದಿಲ್ಲ. ಕಾಫಿ ಕೊಡಲಾ ಎಂದರೆ ಈಗ ತಾನೇ ಕುಡಿದು ಬಂದೆ ಅನ್ನುತ್ತೇವೆ. ಊಟಕ್ಕೆ ಏಳಿ ಎಂದರೆ ಹಸಿವಿಲ್ಲ ಅನ್ನುತ್ತೇವೆ. ಕರೆಯುವವರಿಗೂ ಅದು ಗೊತ್ತಿರುತ್ತದೆ. ಅವರು ಮತ್ತೆ ಕರೆಯುತ್ತಾರೆ, ಮೂರನೆಯ ಸಲಕ್ಕೆ ಕೈ ಹಿಡಿದು ಎಬ್ಬಿಸುತ್ತಾರೆ. ಫಾದರ್ ರೊನಾಲ್ಡ್ ಕರಾವಳಿಯವರು. ನಮ್ಮ ಚರ್ಚಿಗೆ ಬಂದು ಹತ್ತು ತಿಂಗಳಾಗಿತ್ತು. ಅವರ ಮಟ್ಟಿಗೆ ಬೇಡ ಎಂದರೆ ಬೇಡ. ಅದರಲ್ಲಿ ಅವರದೇನೂ ತಪ್ಪಿಲ್ಲ. ಅವರು ಪೂಜಾ ವಸ್ತ್ರ ಕಳಚಲು ಒಳಗೆ ಹೋದರು. ನಾನು ಚಪ್ಪಲಿ ಹುಡುಕಿಕೊಂಡು ಮನೆಗೆ ಬಂದೆ.

ಯೇಸು ಸಾಯುವ ಹಿಂದಿನ ಸಂಜೆ ತನ್ನ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಆ ಗುರುವಾರ ಗುರುಗಳು ಹನ್ನೆರಡು ಮಂದಿಯ ಬಲಗಾಲು ತೊಳೆಯುತ್ತಾರೆ. ಮೊದಲು ಗಂಡಸರನ್ನು ಮಾತ್ರ ಕೂರಿಸುತ್ತಿದ್ದರು. ಈಗ ಆರು ಗಂಡಸರು, ಆರು ಹೆಂಗಸರು. ಬಲಿಪೀಠದ ಮುಂದೆ ಜನರಿಗೆ ಎದುರಾಗಿ ಹನ್ನೆರಡು ಕುರ್ಚಿ ಹಾಕುತ್ತಾರೆ. ಉಪದೇಶಿ ಇನ್ನಾಸಪ್ಪನವರು ಹಿತ್ತಾಳೆಯ ಹೂಜಿ ಹಿಡಿದುಕೊಂಡು ಹಿಂದೆ ಬರುತ್ತಾರೆ. ಅದು ತಗ್ಗಿ ನಡೆಯುವುದನ್ನು ಕಲಿಸುವ ವಿಧಿ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಹನ್ನೆರಡರಲ್ಲಿ ಒಬ್ಬರಾಗಿ ಕೂತವರು ಈಸ್ಟರ್‌ವರೆಗೂ ಸ್ವಲ್ಪ ಎತ್ತರವಾಗಿಯೇ ನಡೆಯುತ್ತಾರೆ.

ನನಗೆ ಆ ಕುರ್ಚಿ ಬೇಕಿತ್ತು.

ನನ್ನ ಗಂಡ ಸಹಾಯರಾಜ್ ಹೋಗಿ ಹತ್ತೊಂಬತ್ತು ತಿಂಗಳಾಗಿತ್ತು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿ ಮುಗಿಸಿ ಬರುವಾಗ ಬಸ್ಸಿನಲ್ಲೇ ಎದೆ ಹಿಡಿದುಕೊಂಡ. ಮೂವತ್ತನಾಲ್ಕು ವರ್ಷ. ಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು ಅವನಿಗೆ ಬಿಳಿಯ ಕಾಲುಚೀಲ ತೊಡಿಸಿದವಳು ನಾನು. ಎಡಗಾಲಿನದು ಸಲೀಸಾಗಿ ಹೋಯಿತು. ಬಲಗಾಲಿನದು ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡಿತು, ಎಳೆಯಬೇಕಾಯಿತು. ನಾನು ಅಳಲಿಲ್ಲ. ಅಳಲಿಲ್ಲವೆಂದು ಹಿಂದಿನಿಂದ ನಮ್ಮ ಚರ್ಚಿನ ಹಿರಿಯ ಹೆಂಗಸು ಆರೋಗ್ಯಮ್ಮ ಹೇಳಿದ್ದು ಕೇಳಿಸಿತು. ಮೊದಲ ಮೂರು ತಿಂಗಳು ಜನ ಬಂದರು, ಡಬ್ಬಿಯಲ್ಲಿ ಸಾರು ತಂದರು, ಜಪಸರ ಹೇಳಿ ಹೋದರು. ವರ್ಷದ ಪೂಜೆಯಾದ ಮೇಲೆ ಯಾರೂ ಬರಲಿಲ್ಲ. ಅದೂ ಸಹಜವೇ. ನಾನು ಪದವಿಪೂರ್ವ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ನೇಕಾರರ ಬೀದಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಎರಡೂ ಕಡೆ ಮಗ್ಗದ ಸದ್ದು. ಭಾನುವಾರ ಚರ್ಚಿನಲ್ಲಿ ಬೈಬಲ್ ವಾಚನ ಓದುತ್ತೇನೆ. ಚೆನ್ನಾಗಿ ಓದುತ್ತೀಯ ಎಂದು ಯಾರಾದರೂ ಹೇಳುತ್ತಾರೇನೋ ಎಂದು ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಒಂದು ಸಲ ಎಲ್ಲರ ಮುಂದೆ ಕೂತಿರಬೇಕು, ಯಾರಾದರೂ ನನ್ನ ಕಾಲ ಬಳಿ ಬಗ್ಗಬೇಕು, ಅದನ್ನು ಎಲ್ಲರೂ ನೋಡಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಅದನ್ನು ಭಕ್ತಿ ಎಂದು ನಾನು ಯಾವತ್ತೂ ಅಂದುಕೊಳ್ಳಲಿಲ್ಲ.

ಮುಂದಿನ ವಾರ, ಗರಿಗಳ ಭಾನುವಾರ, ಹನ್ನೆರಡು ಹೆಸರು ಓದಿದರು. ಹನ್ನೊಂದನೆಯ ಹೆಸರು ಅರ್ಪಿತ.

ಅರ್ಪಿತ ನನ್ನ ಓರಗೆಯವಳು. ನಾವಿಬ್ಬರೂ ಒಂದೇ ದಿನ ಮೊದಲ ಪರಮಪ್ರಸಾದ ಸ್ವೀಕರಿಸಿದೆವು. ಆ ದಿನ ಅವಳು ಹಾಕಿಕೊಂಡದ್ದು ನನ್ನ ಅಕ್ಕನ ಹಳೆಯ ಬಿಳಿ ಫ್ರಾಕು. ಅವಳ ಅಮ್ಮ ಮಗ್ಗದ ಮನೆಗಳಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಪಿಯುಸಿಯಲ್ಲಿ ಫೇಲಾದ ಮೇಲೆ ಇವಳು ನೂಲಿಗೆ ಬಣ್ಣ ಹಾಕುವ ಕಡೆ ಕೆಲಸಕ್ಕೆ ಹೋದಳು. ನಾನು ಬೆಂಗಳೂರಿನಲ್ಲಿ ಎಂ.ಎ. ಓದುತ್ತಿದ್ದಾಗ ರಜೆಗೆ ಬಂದರೆ ಅವಳನ್ನು ನೋಡಿ ಪಾಪ ಅನ್ನಿಸುತ್ತಿತ್ತು. ಪಾಪ ಅನ್ನಿಸುವುದರಲ್ಲಿ ಎಷ್ಟು ಸುಖವಿತ್ತು ಎಂಬುದು ಆಮೇಲೆ ತಿಳಿಯಿತು.

ಅವಳನ್ನು ಮದುವೆಯಾದ ಜೋಜಪ್ಪನವರ ಮಗನ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಯಿತು, ಪರಿಹಾರ ಬಂತು. ಈಗ ಎರಡಂತಸ್ತಿನ ಮನೆ, ಹಜಾರದಲ್ಲಿ ತೇಗದ ಉಯ್ಯಾಲೆ, ಬಿಳಿ ಕಾರು. ಸಂತ ಅಂತೋಣಿಯವರ ಪ್ರತಿಮೆಗೆ ಗಾಜಿನ ಗೂಡು ಮಾಡಿಸಿದ್ದು ಅವರೇ. ಗೂಡಿನ ಕೆಳಗೆ ಹಿತ್ತಾಳೆ ತಗಡಿನಲ್ಲಿ ಗಂಡ ಹೆಂಡತಿಯ ಹೆಸರಿದೆ. ನಾನು ಆ ಪ್ರತಿಮೆಯ ಮುಂದೆ ಮೊಣಕಾಲೂರಿದರೆ ಕಣ್ಣು ನೇರ ಆ ತಗಡಿಗೆ ಹೋಗುತ್ತದೆ.

ನನಗಿದ್ದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಹುಡುಕುವಷ್ಟು ಓದಿದ್ದೇನೆ, ಆದರೆ ಹುಡುಕಲಿಲ್ಲ. ಅವಳ ಕಾರಿನ ಬಗ್ಗೆ ಅಷ್ಟಿಲ್ಲ. ಉಯ್ಯಾಲೆಯ ಬಗ್ಗೆ ಸ್ವಲ್ಪ. ಹೆಚ್ಚಾಗಿ ಇಂಥ ಸಣ್ಣ ಸಂಗತಿಗಳ ಬಗ್ಗೆ: ಪೂಜೆ ಮುಗಿದ ಮೇಲೆ ಅವಳ ಗಂಡ ಅವಳ ಚಪ್ಪಲಿಯನ್ನು ಕಾಲಿನಿಂದ ತಿರುಗಿಸಿ ಅವಳ ಕಡೆ ಮುಖ ಮಾಡಿ ಇಡುತ್ತಿದ್ದ. ಯಾರಾದರೂ ಸತ್ತರೆ ಅವಳು ಅಳುತ್ತಿದ್ದಳು, ನಿಜವಾಗಿ ಅಳುತ್ತಿದ್ದಳು, ನನ್ನ ಗಂಡ ಸತ್ತಾಗಲೂ. ಜನ ಅವಳನ್ನು ಸಮಾಧಾನ ಮಾಡುತ್ತಿದ್ದರು. ನನ್ನ ಗಂಡನ ಪೆಟ್ಟಿಗೆಯ ಪಕ್ಕ ಅವಳ ಬೆನ್ನು ಸವರುತ್ತಿದ್ದ ಕೈಗಳನ್ನು ನಾನು ನೋಡುತ್ತಾ ನಿಂತಿದ್ದೆ.

ಶ್ರೀಮಂತರ ಬಗ್ಗೆ ಯೇಸು ಹೇಳಿದ ಮಾತು ಬಂದಾಗಲೆಲ್ಲ, ಒಂಟೆ ಸೂಜಿಯ ಕಣ್ಣಲ್ಲಿ ನುಗ್ಗುವ ಆ ಮಾತು, ನಾನು ಅರ್ಪಿತಳ ಮುಖ ತಂದುಕೊಳ್ಳುತ್ತಿದ್ದೆ. ನಾನು ಆಗಲೇ ಆ ಕಣ್ಣು ದಾಟಿ ಆಚೆ ನಿಂತಿದ್ದೇನೆ ಎಂಬಂತೆ. ಒಂದು ಕೋಣೆಯ ಮನೆಯಲ್ಲಿ ಇರುವವಳಿಗೆ ದೊಡ್ಡ ಗಂಟು ಇರುವುದಿಲ್ಲ ಎಂದು ಯಾರು ಹೇಳಿದರು? ಯಾರೂ ನನ್ನನ್ನು ನೋಡುತ್ತಿಲ್ಲ ಎಂಬ ನೋವನ್ನೇ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ದಿನಾ ತೆರೆದು ನೋಡುತ್ತಿದ್ದೆ.

ಸೋಮವಾರ ಪಾಪ ನಿವೇದನೆಗೆ ಹೋದೆ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂದೆ. ಕಾಲೇಜಿನಲ್ಲಿ ಒಬ್ಬ ಹುಡುಗಿಯನ್ನು ಕಾರಣವಿಲ್ಲದೆ ಬೈದೆ ಎಂದೆ. ಜಾಲರಿಯ ಆಚೆ ಫಾದರ್ ಇನ್ನೇನಾದರೂ ಇದೆಯಾ ಎಂದು ಕೇಳಿದರು. ಒಂದೇ ಸಲ ಕೇಳಿದರು. ಇಲ್ಲ ಎಂದೆ. ಮೂರು ಪರಲೋಕ ಜಪ ಹೇಳಲು ತಿಳಿಸಿದರು.

ಬುಧವಾರ ಮಧ್ಯಾಹ್ನ ಅರ್ಪಿತಳ ಬಿಳಿ ಕಾರು ನಮ್ಮ ಬೀದಿಯ ತುದಿಯಲ್ಲಿ ನಿಂತಿತು. ಒಳಗೆ ಬರಲು ಜಾಗವಿಲ್ಲದೆ ಅವಳು ನಡೆದು ಬಂದಳು. ಬಾಗಿಲಲ್ಲೇ ನಿಂತು, ಜೊತೆಗೆ ಬಾ, ಒಬ್ಬಳೇ ಹೋಗಲು ನಾಚಿಕೆ ಎಂದಳು. ಎಲ್ಲಿಗೆ ಎಂದು ಕೇಳಿದೆ.

"ಪಾರ್ಲರ್‌ಗೆ ಕಣೇ. ಕಾಲು ಮಾಡಿಸ್ಕೋಬೇಕು."

"ನಾಳೆ ಫಾದರ್ ತೊಳೀತಾರಲ್ಲ."

"ಅದಕ್ಕೇ."

ಚಪ್ಪಲಿಯಿಂದ ಕಾಲು ತೆಗೆದು, ಬಾಗಿಲ ಚೌಕಟ್ಟು ಹಿಡಿದು, ಹಿಮ್ಮಡಿ ತಿರುಗಿಸಿ ತೋರಿಸಿದಳು. ಅಂಚಿನುದ್ದಕ್ಕೂ ಆಳವಾದ ಬಿರುಕು. ಬಿರುಕಿನೊಳಗೆ ಕಪ್ಪು ನೀಲಿ ಗೆರೆ. ಬಣ್ಣದ ನೀರಿನಲ್ಲಿ ಐದು ವರ್ಷ ಬರಿಗಾಲಲ್ಲಿ ನಿಂತದ್ದು. ಅವಳು ಚರ್ಚಿಗೂ ಹಿಮ್ಮಡಿ ಮುಚ್ಚುವಂತೆ ಸೀರೆ ಇಳಿಬಿಟ್ಟು ಉಡುತ್ತಿದ್ದದ್ದು ನೆನಪಾಯಿತು. ಅದನ್ನು ನಾನು ಇಷ್ಟು ದಿನ ಸೊಗಸು ಎಂದುಕೊಂಡಿದ್ದೆ.

"ಎಲ್ರ ಮುಂದೆ ಇದನ್ನ ಚಾಚಲಾ? ದುಡ್ಡು ಬಂದ್ರೂ ಹಿಮ್ಮಡಿ ಹಳೇದೇ ಅಂತಾರೆ. ಆರೋಗ್ಯಮ್ಮ ಆಂಟಿ ಬಾಯಿ ನಿಂಗೊತ್ತಲ್ಲ."

ನನಗೆ ಖುಷಿಯಾಯಿತು. ಅದನ್ನು ಬರೆಯದೆ ಬಿಟ್ಟರೆ ಉಳಿದದ್ದೂ ಸುಳ್ಳಾಗುತ್ತದೆ. ಆ ಬಿರುಕು ನೋಡಿ ಖುಷಿಯಾಯಿತು, ಅದು ನಾಳೆಯೊಳಗೆ ಮಾಯವಾಗುತ್ತದೆ ಎಂದು ಬೇಸರವಾಯಿತು. ಅವಳ ಜೊತೆ ಹೊರಟೆ.

ಕಾರಿನಲ್ಲಿ ಅವಳು ಮುಂದಿನ ರಸ್ತೆಯನ್ನೇ ನೋಡುತ್ತಾ ಕೇಳಿದಳು.

"ಫಾದರ್ ಮೊದ್ಲು ನಿನ್ನ ಕೇಳಿದ್ರಂತೆ. ನೀನು ಬೇಡ ಅಂದ್ಯಂತೆ. ನಿಜವಾಗ್ಲೂ ಬೇಡ್ವಾ?"

ನಾನು ಕಾದಿದ್ದ ಎರಡನೆಯ ಸಲ ಅದು. ಹೂಂ, ನನಗೆ ಬೇಕಿತ್ತು ಎಂದಿದ್ದರೆ ಅವಳು ಅಲ್ಲೇ ಬಿಟ್ಟುಕೊಡುತ್ತಿದ್ದಳು. ಆದರೆ ಕೇಳಿದವಳು ಅವಳು. ಅವಳ ಕೈಯಿಂದ ಆ ಕುರ್ಚಿ ಇಸಿದುಕೊಂಡರೆ ಅದು ನನ್ನ ಅಕ್ಕನ ಹಳೆಯ ಫ್ರಾಕಿನ ಹಾಗೆ ಆಗುತ್ತಿತ್ತು.

"ನಿಜವಾಗ್ಲೂ," ಎಂದೆ.

ಪಾರ್ಲರ್ ಬಸ್ ನಿಲ್ದಾಣದ ಹಿಂದಿನ ಮಹಡಿಯಲ್ಲಿತ್ತು. ಎರಡು ಕುರ್ಚಿ, ಒಂದು ಕನ್ನಡಿ, ಬಾಗಿಲಿಗೆ ಹೂವಿನ ಪರದೆ. ಕೆಲಸ ಮಾಡುವ ಹುಡುಗಿಯ ಹೆಸರು ಮಾನಸ. ಇಪ್ಪತ್ತೆರಡು ಇರಬಹುದು, ನೇಕಾರರ ಮನೆಯವಳು. ಅವಳು ನೀಲಿ ಪ್ಲಾಸ್ಟಿಕ್ ಟಬ್ಬಿಗೆ ಬಿಸಿನೀರು ಸುರಿದು, ಕೈಯಿಂದ ಹದ ನೋಡಿ, ಉಪ್ಪು ಹಾಕಿ, ನಿಂಬೆಹಣ್ಣು ಹಿಂಡಿದಳು. ಗಿಡ್ಡನೆಯ ಸ್ಟೂಲು ಎಳೆದುಕೊಂಡು ಅರ್ಪಿತಳ ಕಾಲ ಬಳಿ ಕೂತಳು. ಹಿಮ್ಮಡಿ ನೋಡಿದ ಕೂಡಲೇ, ಅಕ್ಕ ಬಣ್ಣದ ಮನೆಯಲ್ಲಿ ಇದ್ದಿರಾ ಎಂದು ಕೇಳಿದಳು. ಅರ್ಪಿತ ಬಾಗಿಲ ಪರದೆಯ ಕಡೆ ನೋಡಿ, ಹೂಂ ಎಂದಳು. ನಮ್ಮ ಅಮ್ಮನ ಕಾಲೂ ಹೀಗೇ, ಎಷ್ಟು ಉಜ್ಜಿದರೂ ಒಂದು ಗೆರೆ ಉಳಿಯುತ್ತದೆ ಎಂದು ಮಾನಸ ಹೇಳಿದಳು. ಆಮೇಲೆ ಅವರಿಬ್ಬರೂ ಯಾವ ಬಣ್ಣ ಚರ್ಮಕ್ಕೆ ಹೆಚ್ಚು ಹತ್ತುತ್ತದೆ, ಯಾವುದು ಬೇಗ ಬಿಡುತ್ತದೆ ಎಂದು ಮಾತಾಡಿಕೊಂಡರು. ನಗುತ್ತಿದ್ದರು. ಆ ಮಾತಿನಲ್ಲಿ ನನಗೆ ಜಾಗವಿರಲಿಲ್ಲ. ಬಣ್ಣದ ನೀರಿನಲ್ಲಿ ನಿಂತವಳ ಮೇಲೂ ನನಗೆ ಕಿಚ್ಚು ಹುಟ್ಟಿತು.

ಮುಕ್ಕಾಲು ಗಂಟೆ ಮಾನಸ ಅವಳ ಹಿಮ್ಮಡಿ ಉಜ್ಜಿದಳು. ತಲೆ ಎತ್ತಲಿಲ್ಲ. ನೀರು ಎರಡು ಸಲ ಬದಲಾಯಿಸಿದಳು. ಕೊನೆಗೆ ಎಣ್ಣೆ ಹಚ್ಚಿ ಒರೆಸಿದಾಗ ಆ ಕಾಲು ಹೊಸ ಮಗುವಿನದರ ಹಾಗೆ ಕಾಣುತ್ತಿತ್ತು.

"ಈಗ ನೀನು ಕೂತ್ಕೋ," ಎಂದಳು ಅರ್ಪಿತ.

ಬೇಡ ಎಂದೆ. ಅವಳು ಬಾರೇ ಎಂದಳು. ನನಗೇನೂ ಆಗಿಲ್ಲ, ಬೇಡ ಎಂದೆ. ಅವಳು ಎದ್ದು ನನ್ನ ಎರಡೂ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಮೂರನೆಯ ಸಲ. ಅವಳು ನಮ್ಮ ಊರಿನವಳು.

ಮಾನಸ ಹೊಸ ನೀರು ಹಾಕಿದಳು. ನನ್ನ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ನೀರಿನೊಳಗಿಟ್ಟಳು. ಬೆರಳುಗಳ ಸಂದಿಯಲ್ಲಿ ಅವಳ ಬೆರಳು ಓಡಾಡಿತು. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಹೆಬ್ಬೆರಳಿನಿಂದ ಒತ್ತಿದಳು. ನಾನು ಗೋಡೆಯ ಮೇಲಿದ್ದ ಬೆಲೆಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆ. ಹತ್ತೊಂಬತ್ತು ತಿಂಗಳಿಂದ ಯಾರೂ ನನ್ನ ಕಾಲು ಮುಟ್ಟಿರಲಿಲ್ಲ. ಅಳು ಬರಬಹುದು ಎಂದು ಕಾದೆ. ಬರಲಿಲ್ಲ. ನೀರು ಬೆಚ್ಚಗಿತ್ತು, ಅಷ್ಟು ಗೊತ್ತಾಯಿತು.

"ಅಕ್ಕ, ಆ ಕಾಲು ಕೊಡಿ," ಎಂದಳು ಮಾನಸ. ಅವಳು ಹಾಗೆ ಹೇಳುತ್ತಿರುವುದು ಎರಡನೆಯ ಸಲವಂತೆ. ಬಲಗಾಲನ್ನು ಅವಳ ಕೈಯಿಂದ ತೆಗೆಯುವುದನ್ನು ನಾನು ಮರೆತಿದ್ದೆ.

ಕೊನೆಗೆ ಉಗುರಿಗೆ ಬಣ್ಣ. ಮಾನಸ ಸಣ್ಣ ಶೀಶೆಗಳನ್ನು ಸಾಲಾಗಿ ಇಟ್ಟಳು. ಅರ್ಪಿತಳ ಕೈ ಮೆರೂನ್ ಬಣ್ಣದ ಶೀಶೆಗೆ ಹೋಯಿತು. ಎತ್ತಿ ಬೆಳಕಿಗೆ ಹಿಡಿದಳು, ತುಂಬಾ ಇಷ್ಟವಾಗಿದೆ ಎಂದು ಮುಖವೇ ಹೇಳುತ್ತಿತ್ತು. ಆಮೇಲೆ ಇಳಿಸಿದಳು. ಚರ್ಚಿಗೆ ಜಾಸ್ತಿಯಾಗುತ್ತದೆ, ಜನ ಏನಂತಾರೋ, ಬಣ್ಣವಿಲ್ಲದ್ದೇ ಹಾಕು ಎಂದಳು.

ಅವಳು ಇಳಿಸಿದ ಶೀಶೆಯನ್ನು ನಾನು ಕೈಗೆತ್ತಿಕೊಂಡೆ.

"ನಂಗೆ ಇದು ಹಾಕು."

ಮಾನಸ ನನ್ನ ಕೊರಳು ನೋಡಿದಳು. ತಾಳಿ ಇಲ್ಲದ ಕೊರಳು. ಶೀಶೆಯ ಮುಚ್ಚಳ ತಿರುಗಿಸಿ ಹಾಕಿದಳು. ಅರ್ಪಿತ ಪೂರ್ತಿ ಹತ್ತೂ ಉಗುರು ಮುಗಿಯುವವರೆಗೆ ನೋಡುತ್ತಾ ಕೂತಿದ್ದಳು. ಅವಳು ಬೇಕೆಂದದ್ದು, ಅವಳಿಗೆ ಧೈರ್ಯ ಸಾಲದೆ ಹೋದದ್ದು, ನನ್ನ ಕಾಲಿನ ಮೇಲಿತ್ತು. ಮೊದಲ ಬಾರಿಗೆ ಅವಳ ಕಣ್ಣಿನಲ್ಲಿ ನನ್ನದೇ ರೋಗ ಕಂಡಿತು. ಆ ದಿನ ಚೆನ್ನಾಗಿ ನಿದ್ದೆ ಮಾಡಿದೆ.

ಗುರುವಾರ ಸಂಜೆ ಚರ್ಚು ತುಂಬಿತ್ತು. ಎರಡನೇ ವಾಚನ ನನ್ನದು. ನಾನು ಸೀರೆಯನ್ನು ನೆಲ ಮುಟ್ಟುವಂತೆ ಉಟ್ಟಿದ್ದೆ, ಅರ್ಪಿತಳ ಹಾಗೆ. ಬರಿಗಾಲು ಹೊರಗೆ ಕಾಣದ ಹಾಗೆ ಚಿಕ್ಕ ಹೆಜ್ಜೆ ಇಟ್ಟು ಹೋಗಿ ಓದಿ ಬಂದು, ವಾಚಕರ ಬೆಂಚಿನಲ್ಲಿ ಕೂತೆ. ಪ್ರಬೋಧನೆ ಮುಗಿಯಿತು. ಇನ್ನಾಸಪ್ಪನವರು ಹೆಸರು ಕರೆದರು. ಒಬ್ಬೊಬ್ಬರಾಗಿ ಹೋಗಿ ಕೂತರು. ಕಂಬದ ಪಕ್ಕದ ಕೊನೆಯ ಕುರ್ಚಿ ಚೌರಪ್ಪ ತಾತನದು. ತಾತ ಬಂದಿರಲಿಲ್ಲ. ಕಾಲು ಬಾತುಕೊಂಡಿದೆ, ಏಳಲಾಗುತ್ತಿಲ್ಲ ಎಂದು ಅವರ ಮಗ ಫೋನು ಮಾಡಿದ್ದನ್ನು ಇನ್ನಾಸಪ್ಪನವರು ಫಾದರ್ ಕಿವಿಯಲ್ಲಿ ಹೇಳಿದರು. ಫಾದರ್ ಕೊರಳಲ್ಲಿದ್ದ ಮೈಕು ಅದನ್ನು ಎಲ್ಲರಿಗೂ ಕೇಳಿಸಿತು.

ಫಾದರ್ ಸುತ್ತ ನೋಡಿದರು. ನಾನು ಹತ್ತಿರದಲ್ಲಿದ್ದೆ.

"ಸೆಲಿನ್, ನೀವು ಬಂದು ಕುಳಿತುಕೊಳ್ಳುತ್ತೀರಾ?"

ಇಡೀ ಚರ್ಚು ನನ್ನ ಕಡೆ ತಿರುಗಿತು. ಸೀರೆಯೊಳಗೆ ನನ್ನ ಕಾಲ್ಬೆರಳು ಮಡಚಿಕೊಂಡವು. ಹನ್ನೊಂದು ದಿನ ನಾನು ಬಯಸಿದ್ದು ಎದುರಿಗಿತ್ತು, ಮೆರೂನ್ ಬಣ್ಣ ಹಚ್ಚಿಕೊಂಡು ನಾನೇ ಅದರ ದಾರಿ ಮುಚ್ಚಿದ್ದೆ.

"ಬೇಡ ಫಾದರ್," ಎಂದೆ.

ಫಾದರ್ ಸರಿ ಎಂದು ಜನರ ಕಡೆ ತಿರುಗಿದರು. ಆಗ ಹನ್ನೊಂದನೆಯ ಕುರ್ಚಿಯಿಂದ ಅರ್ಪಿತ ಹೇಳಿದಳು.

"ಫಾದರ್, ಇಲ್ಲಿ ಎರಡ್ ಸಲ ಕರೀಬೇಕು. ಒಂದ್ ಸಲಕ್ಕೆ ನಾವ್ಯಾರೂ ಬರಲ್ಲ."

ಮೈಕು ಅದನ್ನೂ ಹಿಡಿಯಿತು. ಚರ್ಚು ನಕ್ಕಿತು, ಹಿಂದಿನ ಬೆಂಚಿನವರೆಗೂ. ಫಾದರ್ ಕಿವಿ ಕೆಂಪಾಯಿತು. ಅವರು ನನ್ನನ್ನೇ ನೋಡಿದರು. ಪಟ್ಟಿಯಲ್ಲಿ ಎಳೆದ ಗೆರೆ ಅವರಿಗೆ ಆಗ ನೆನಪಾಯಿತೇನೋ. ಅರ್ಪಿತ ಪಕ್ಕದ ಖಾಲಿ ಕುರ್ಚಿಯನ್ನು ತಟ್ಟಿ, ಬಾರೇ ಎಂದಳು.

ನಾನು ಯಾರಿಗೂ ಹೇಳದೆ, ಪಾಪ ನಿವೇದನೆಯ ಜಾಲರಿಗೂ ಹೇಳದೆ ಇಟ್ಟುಕೊಂಡದ್ದನ್ನು ಅವಳು ಎಲ್ಲರೆದುರು ತೆಗೆದು ಇಟ್ಟಿದ್ದಳು. ಅಷ್ಟು ಸಲೀಸಾಗಿ. ಕಾರಿನಲ್ಲಿ ನಾನು ಹೇಳಿದ ಸುಳ್ಳನ್ನು ಅವಳು ನಂಬಿಯೇ ಇರಲಿಲ್ಲ. ನಾನು ಹೋಗಿ ಕೂತೆ. ಹೋಗದಿದ್ದರೆ ಇನ್ನೂ ಹೆಚ್ಚು ಹೊತ್ತು ನೋಡುತ್ತಿದ್ದರು.

ಫಾದರ್ ಒಂದನೆಯ ಕುರ್ಚಿಯಿಂದ ಬಗ್ಗುತ್ತಾ ಬಂದರು. ಹನ್ನೊಂದು ಕಾಲುಗಳನ್ನೂ ನಾನು ನೋಡಿದೆ. ಎಲ್ಲವೂ ಮನೆಯಲ್ಲೇ ಉಜ್ಜಿ ತೊಳೆದು ತಂದ ಕಾಲುಗಳು. ಕೊಳೆ ಇದ್ದ ಒಂದು ಕಾಲೂ ಇರಲಿಲ್ಲ. ಅರ್ಪಿತಳ ಸರದಿಗೆ ಮೊಬೈಲುಗಳು ಮೇಲೆದ್ದವು. ಅವಳ ಗುಲಾಬಿ ಹಿಮ್ಮಡಿ, ಬೆಳ್ಳಿ ಗೆಜ್ಜೆ. ಅವಳು ಅಳುತ್ತಿದ್ದಳು, ನಿಜವಾಗಿಯೇ.

ಆಮೇಲೆ ನನ್ನದು. ಸೀರೆಯ ಅಂಚು ಎತ್ತಿ ಕಾಲು ಚಾಚಿದೆ. ಫಾದರ್ ಒಂದು ಕ್ಷಣ ಆ ಉಗುರುಗಳನ್ನು ನೋಡಿದರು, ಆಮೇಲೆ ನೀರು ಸುರಿದರು. ನೀರು ತಣ್ಣಗಿತ್ತು. ಹತ್ತು ಸೆಕೆಂಡು ಇರಬಹುದು. ಟವೆಲು ಹನ್ನೊಂದು ಕಾಲು ಒರೆಸಿ ಒದ್ದೆಯಾಗಿತ್ತು. ಫಾದರ್ ನೆತ್ತಿಯ ಕೂದಲು ತೆಳುವಾಗಿತ್ತು. ಇಷ್ಟು ಹೊತ್ತು ಬಗ್ಗಿದ್ದರಿಂದ ಅವರು ಒಂದು ಕೈಯನ್ನು ಸೊಂಟಕ್ಕೆ ಒತ್ತಿಕೊಂಡಿದ್ದರು. ಅವರು ಕಷ್ಟಪಡುತ್ತಿದ್ದಾರೆ ಎಂದು ಆಗ ಹೊಳೆಯಿತು. ಎಲ್ಲರೂ ನೋಡುತ್ತಾರೆ ಎಂದು ತಲೆ ಎತ್ತಿದೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಮುಂದಿನ ಬೆಂಚುಗಳು, ಮೊಬೈಲುಗಳು, ಎಲ್ಲವೂ ಇನ್ನೂ ಅರ್ಪಿತಳ ಕಡೆಗೇ ಇದ್ದವು. ಅವಳು ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ, ನನ್ನ ಕಡೆ ತಿರುಗಿದ್ದಳು.

ಶುಕ್ರವಾರ ಬೆಳಿಗ್ಗೆ ಚರ್ಚಿನ ವಾಟ್ಸಾಪ್ ಗುಂಪಿಗೆ ಫೋಟೋ ಬಂತು. ಫಾದರ್ ಬಗ್ಗಿದ್ದಾರೆ. ಅರ್ಪಿತಳ ಮುಖ, ಒದ್ದೆ ಕಣ್ಣು, ನಗು. ಬೋಗುಣಿಯ ಮೇಲೆ ಒಂದು ಕಾಲು, ಮೆರೂನ್ ಉಗುರು. ನಾನು ಫೋಟೋದ ಅಂಚಿನಾಚೆ. ನನ್ನ ಮೊಣಕಾಲಿನ ಮೇಲಿನದೆಲ್ಲ ಕತ್ತರಿಸಿ ಹೋಗಿತ್ತು. ನೋಡಿದವರು ಯಾರೇ ಆದರೂ ಅದು ಅರ್ಪಿತಳ ಕಾಲು ಎನ್ನುತ್ತಾರೆ.

ಎನ್ನತೊಡಗಿದರು. ಶಿಲುಬೆ ಹಾದಿಯ ಪ್ರಾರ್ಥನೆಗೆ ನಿಂತಿದ್ದಾಗ ನನ್ನ ಹಿಂದೆ ಇಬ್ಬರು ಪಿಸುಗುಟ್ಟಿದರು. ಪಾದ ತೊಳೆಸಿಕೊಳ್ಳಲೂ ಬಣ್ಣ ಬೇಕಂತೆ, ಪರಿಹಾರದ ಹಣದ ಕೊಬ್ಬು, ಆ ಕಂಡಿಕೆ ಸುತ್ತುವವಳ ಮಗಳೇ ಅಲ್ಲವಾ. ನಾನು ಶಿಲುಬೆಯನ್ನೇ ನೋಡುತ್ತಾ ನಿಂತೆ. ಅದು ಯೇಸು ಎರಡನೆಯ ಸಲ ಬಿದ್ದ ಸ್ಥಳದ ಪ್ರಾರ್ಥನೆ. ಶುಕ್ರವಾರ ಪೂರ್ತಿ, ಶನಿವಾರ ಪೂರ್ತಿ ನಾನು ಸುಮ್ಮನಿದ್ದೆ. ಸುಮ್ಮನಿರುವುದು ಸುಳ್ಳು ಹೇಳುವುದಲ್ಲ ಎಂ.ಎ. ಓದಿದವಳಿಗೆ. ಫೋಟೋವನ್ನು ಆಗಾಗ ತೆರೆದು ನೋಡಿದೆ. ಅವಳನ್ನು ಜನ ಮೆಚ್ಚದೆ ಇರುವುದನ್ನು ನೋಡಲು ನಾನು ಎಷ್ಟು ವರ್ಷ ಕಾದಿದ್ದೆ. ಬಂದಾಗ ಅದು ಊಟ ಬಿಟ್ಟು ತಿಂದ ಸಿಹಿಯ ಹಾಗಿತ್ತು. ಒಂದಿಷ್ಟು ತಿಂದ ಮೇಲೆ ಸಾಕೆನಿಸಿತು, ಆದರೂ ಡಬ್ಬಿ ಮುಚ್ಚಲಿಲ್ಲ.

ಈಸ್ಟರ್ ಬೆಳಗಿನ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಕಾಫಿ, ಬನ್ನು. ಆರೋಗ್ಯಮ್ಮ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಗುರುವಾರ ಅವರಿಗೆ ಕಂಬ ಅಡ್ಡವಿತ್ತು. ನೋಡಿದ್ದು ಫೋಟೋ ಮಾತ್ರ. ಅರ್ಪಿತ ಹಬ್ಬದ ಶುಭಾಶಯ ಹೇಳಲು ಬಗ್ಗಿದಾಗ ಅವರು ಮೊಬೈಲು ತೆಗೆದು ಅವಳ ಮುಖಕ್ಕೆ ಹಿಡಿದರು.

"ಏನಮ್ಮಾ, ಯೇಸುಸ್ವಾಮಿ ಶಿಷ್ಯರೂ ಉಗುರಿಗೆ ಬಣ್ಣ ಬಳ್ಕೊಂಡೇ ಕೂತಿದ್ರಾ?"

ಸುತ್ತ ಇದ್ದ ಹೆಂಗಸರು ನಕ್ಕರು. ಅರ್ಪಿತ ಫೋಟೋ ನೋಡಿದಳು. ಬೆರಳು ಮುಚ್ಚುವ ಹೊಸ ಶೂ ಹಾಕಿಕೊಂಡಿದ್ದಳು. ಅದನ್ನು ಬಿಚ್ಚಿ ತೋರಿಸಿದ್ದರೆ ಮುಗಿಯುತ್ತಿತ್ತು. ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ನಾಲ್ಕು ಹೆಜ್ಜೆ ಆಚೆ, ಕಾಫಿ ಲೋಟ ಹಿಡಿದು ನಿಂತಿದ್ದೆ. ಜನರ ಬಾಯಿಗೆ ಹೆದರಿ ಮುಕ್ಕಾಲು ಗಂಟೆ ಹಿಮ್ಮಡಿ ಉಜ್ಜಿಸಿಕೊಂಡವಳು ಅವಳು. ಜನರ ಬಾಯಿಗೆ ಹೆದರಿ ಆ ಬಣ್ಣ ಕೆಳಗಿಟ್ಟವಳು. ನೋಟ ತೆಗೆದು ಆರೋಗ್ಯಮ್ಮನ ಕಡೆ ತಿರುಗಿದಳು.

"ಏನೋ ಆಂಟಿ, ತಪ್ಪಾಯ್ತು," ಎಂದಳು.

ಆಗ ನನ್ನೊಳಗೆ ಎದ್ದದ್ದನ್ನು ಪಶ್ಚಾತ್ತಾಪ ಎಂದು ಬರೆಯಲು ನನಗೆ ಆಸೆಯಿದೆ. ಅದು ಪಶ್ಚಾತ್ತಾಪವಲ್ಲ. ಮನೆ ಅವಳದು, ಗಂಡ ಅವಳವನು, ಕಣ್ಣೀರು ಅವಳದು. ಈಗ ಒಬ್ಬ ವಿಧವೆಯ ಮಾನ ಉಳಿಸಿದ ಒಳ್ಳೆಯತನವೂ ಅವಳದೇ ಆಗುತ್ತಿತ್ತು, ಎಲ್ಲರೆದುರು, ನನ್ನ ಕಾಲಿನ ಲೆಕ್ಕದಲ್ಲಿ. ಅದನ್ನು ಅವಳಿಗೆ ಬಿಟ್ಟುಕೊಡಲು ನನ್ನಿಂದಾಗಲಿಲ್ಲ.

"ಅದು ನನ್ ಕಾಲು ಆಂಟಿ," ಎಂದೆ.

ನಗು ನಿಂತಿತು. ಆರೋಗ್ಯಮ್ಮ ಮೊಬೈಲು ನೋಡಿದರು, ನನ್ನನ್ನು ನೋಡಿದರು.

"ನಿಂದಾ? ಅವನು ಹೋಗಿ ಇನ್ನೂ ಎರಡು ವರ್ಷ ತುಂಬಿಲ್ಲ."

"ಹೂಂ. ಹತ್ತೊಂಬತ್ತು ತಿಂಗಳು."

ಲೋಟ ಕೆಳಗಿಟ್ಟು ಸೀರೆಯ ಅಂಚನ್ನು ಎರಡು ಬೆರಳಷ್ಟು ಎತ್ತಿದೆ. ಚಪ್ಪಲಿಯಲ್ಲಿ ಹತ್ತೂ ಬೆರಳು. ಹೆಬ್ಬೆರಳಿನ ತುದಿಯಲ್ಲಿ ಬಣ್ಣ ಆಗಲೇ ಎದ್ದಿತ್ತು. ಈ ಸಲ ಎಲ್ಲರೂ ನೋಡಿದರು. ಹನ್ನೊಂದು ದಿನ ನಾನು ಬೇಡಿಕೊಂಡ ನೋಟ ಇದೇ ಇರಬೇಕು. ಅದು ಹೆಚ್ಚು ಹೊತ್ತು ಇರಲಿಲ್ಲ. ಯಾರೋ ಕೇಕು ಹಂಚಲು ಕರೆದರು, ಹೆಂಗಸರು ಆ ಕಡೆ ಹೋದರು. ಆರೋಗ್ಯಮ್ಮ ಮೊಬೈಲನ್ನು ಬ್ಯಾಗಿಗೆ ಹಾಕಿಕೊಂಡು, ಬನ್ನು ಮುರಿದರು.

ಗೇಟಿನ ಬಳಿ ಅರ್ಪಿತ ನನ್ನ ಜೊತೆ ಬಂದಳು. ಅವಳ ಮುಖದಲ್ಲಿ ಸ್ವಲ್ಪ ನಿರಾಶೆ ಕಂಡಿತು. ಅಥವಾ ಹಾಗೆ ಕಾಣಲಿ ಎಂದು ನನಗೇ ಬೇಕಿತ್ತು. ಅವಳ ಗಂಡ ಕಾರಿನ ಬಾಗಿಲು ತೆರೆದು ಕಾಯುತ್ತಿದ್ದ.

"ನಾಳೆ ಮಾನಸನ ಹತ್ರ ಹೋಗಿ ತೆಗೆಸ್ಕೊಂಡು ಬರೋಣ್ವಾ?" ಎಂದಳು.

"ಬೇಡ," ಎಂದೆ.

ಅವಳು ನನ್ನ ಮುಖ ನೋಡಿದಳು. ಮತ್ತೆ ಕೇಳಲಿಲ್ಲ.